ನಾ ಕುಂತಲ್ಲಿ ಬೇಸ್ ಇಲ್ಲ, ಅಪ್ಪ ಕುಂತಲ್ಲಿ ಗ್ವಾಡಿ ನಡಗ್ತೈತಿ, ಏನ್ ಮಾಡೂದ್ರಿ?

ಕೇಶ್ವಾಪುರ_ಕಿವಿ
ಎಲ್ಲಾರಿಗೂ ನಮಸ್ಕಾರ್ರಿ. ಹುಬ್ಬಳ್ಳ್ಯಾಗ ನಮ್ಮನಿ. ಮ್ಯಾಲಿನ ಒಂದು ಖೋಲಿ ಹಾಡು-ಸಿನಿಮಾಕ್ಕಂತ ಇಟ್ಕೊಂಡೀನಿ. 14 ಫೂಟ್ ಉದ್ದ, 11 ಫೂಟ್ ಅಗಲ, 10 ಫೂಟ್ ಎತ್ತರ, ಇಟ್ಟಂಗಿ ಗ್ವಾಡಿ, ಮ್ಯಾಲೆ ಆರ್‌ಸಿಸಿ ಸ್ಲ್ಯಾಬ್. ಟಿವಿ 11 ಫೂಟಿನ ಗ್ವಾಡಿಗೆ, ಅದರ ಎರಡೂ ಬಾಜೂಕ ಬುಕ್‌ಶೆಲ್ಫ್ ಸ್ಪೀಕರ್, ಎಡಗಡೆ ಮೂಲ್ಯಾಗ 12 ಇಂಚಿನ ಸಬ್‌ವೂಫರ್ (ಬರೇ ಬೇಸ್, ಅಂದ್ರ ಕೆಳಗಿನ ದಪ್ಪ ಸ್ವರ, ನುಡಿಸೋ ಪೆಟಗಿ). ಸಬ್ ತಂದು ಮೂರು ತಿಂಗಳಾತು, ಅವತ್ತಿಂದ ಮನ್ಯಾಗ ಜಗಳ ನಿಂತಿಲ್ಲ.

ನನ್ನ ಖುರ್ಚಿ ಖೋಲಿ ನಟ್ಟನಡುವ ಐತ್ರಿ, ಎಲ್ಲಾ ಕಡೆಯಿಂದ ಸಮ ಬರ್ಲಿ ಅಂತ ಟೇಪ್ ಹಿಡದು ಅಳದು ಇಟ್ಟೀನಿ. ಅಲ್ಲಿ ಕುಂತ್ರ ಬೇಸ್ ಪೂರಾ ಇಲ್ಲಂತಲ್ಲ, ಕೆಲವು ಸ್ವರ ಧಡ್ ಅಂತ ಬಂದು ಹೊಡಿತಾವು, ಅದರ ಕೆಳಗಿನವು ಮಾಯ. ಅದಕ್ಕಂತ ನಾಬ್ ಏರಿಸ್ತೀನಿ, ಏರಿಸಿದ ಕೂಡ್ಲೆ ಹಿಂದಿನ ಗ್ವಾಡಿಗೆ ಹತ್ತಿ ಬೆತ್ತದ ಆರಾಮ್ ಖುರ್ಚ್ಯಾಗ ಕುಂತ ಅಪ್ಪಾರು "ಏ ಅದರ ಕುತಗಿ ಒತ್ತೋ, ಎದಿಗೆ ಬಡ್ಯಾಕತ್ತೈತಿ" ಅಂತಾರ. ಇಳಿಸಿದ್ರ ನಂಗೇನೂ ಉಳಿಯಂಗಿಲ್ಲ. ಅಪ್ಪಾಗ ವಯಸ್ಸಾತು ಅಂತ ನಾ ಅಂದ್ಕೊಂಡೀನಿ, ನನ್ನ ಕಿವಿ ಹೋದೂವು ಅಂತ ಅಪ್ಪ ಅಂದ್ಕೊಂಡಾರ. ಸಬ್ ಕೊಟ್ಟ ಅಂಗಡ್ಯಾಂವ ಬಂದು ನೋಡಿ "ಈ ಖೋಲಿಗೆ 12 ಸಾಲಂಗಿಲ್ಲ, 15 ಹಾಕ್ರಿ" ಅಂದು ಚಾ ಕುಡದು ಹೋದ. ರೊಕ್ಕ ಮತ್ತ ಸುರೀಬೇಕೇನ್ರಿ? ಖರೇ ಹೇಳ್ರಿ, ಬೇಸ್ ಜಾಸ್ತಿ ಐತೋ ಕಡಿಮಿ ಐತೋ?

ಹಾವೇರಿ_ಹೆಡ್‌ಫೋನ್
ಹೆಡ್‌ಫೋನ್ ತಗೋರಿ. ಅಪ್ಪಾರೂ ಆರಾಮ, ನೀವೂ ಆರಾಮ.

ಬ್ಯಾಡಗಿ_ಘಾಟು
ಬೇಸ್ ಬೇಷ್ ಇಲ್ಲ ಅಂದಂಗಾತು 😄

ದೊಡ್ಡ_ವೂಫರ್
ಅಂಗಡ್ಯಾಂವ ಹೇಳಿದ್ದು ತಪ್ಪೇನಿಲ್ಲ. ನಾ 10 ಇಂಚಿಂದ 15ಕ್ಕ ಹೋದೆ, ಭೂಮಿ ಆಕಾಶ ಫರಕ್. ದೊಡ್ಡ ಕೋನ್ ಗಾಳಿ ಜಾಸ್ತಿ ದೂಡ್ತೈತಿ, ಆರಾಮಾಗಿ ಕೆಳಗ ಇಳೀತೈತಿ. ಸಣ್ಣದಕ್ಕ ದುಡಿಸಿ ದುಡಿಸಿ ಸಾಯಿಸೂದಕ್ಕಿಂತ ದೊಡ್ಡದು ತಂದು ಅರ್ಧಾ ನಾಬ್‌ನ್ಯಾಗ ಇಡ್ರಿ.

ಬೆಟಗೇರಿ_ವೈಂಡರ್
ಗದಗ-ಬೆಟಗೇರ್ಯಾಗ ಕುಂತು ಇಪ್ಪತ್ತು ವರ್ಷದ ಮ್ಯಾಲಾತು ಸ್ಪೀಕರ್ ಕಾಯಿಲ್, ಅಂದ್ರ ಒಳಗಿನ ತಂತಿ ಸುರುಳಿ, ಸುತ್ತಾಕತ್ತು. ಸುಟ್ಟ ಕಾಯಿಲ್ ತಗೊಂಡು ಬರೋ ಹತ್ತ ಮಂದ್ಯಾಗ ಏಳ ಮಂದಿ ಇದಽ ಕಥಿ ಹೇಳ್ತಾರ, "ಬೇಸ್ ಕೇಳ್ಲಿಲ್ಲ ಅಂತ ಏರಿಸಿದೆ, ಏರಿಸಿದೆ, ಸುಟ್ಟ ವಾಸನಿ ಬಂತು". ಸಬ್ ಬಡ್ಕೊಂಡು ಸತ್ತಿರ್ತೈತಿ, ಇವ್ರು ಮಾತ್ರ ಕೇಳದಿದ್ದ ಜಾಗಾದಾಗ ಕುಂತಿರ್ತಾರ.

ಒಂದಽ ಪ್ರಶ್ನಿ. ನಿಮ್ಮಪ್ಪಾರ ಖುರ್ಚ್ಯಾಗ ನೀವ್ ಯಾವಾಗರೆ ಕುಂತು ಕೇಳೀರೇನು?

ಕೇಶ್ವಾಪುರ_ಕಿವಿ
ಇಲ್ರಿ... ಅಪ್ಪನ ಖುರ್ಚಿ ಅಂತ ಯಾರೂ ಕೂಡಂಗಿಲ್ಲ ನಮ್ಮನ್ಯಾಗ.

ಬೆಟಗೇರಿ_ವೈಂಡರ್
ಸಂಜೀಕ ವಾಕಿಂಗ್ ಹೋಗ್ತಾರಲ್ಲ, ಅವಾಗ ಕೂಡ್ರಿ.

ಸಪ್ತಾಪುರ_ಫಿಸಿಕ್ಸ್
ಕೂತು ನೋಡೋಕಿಂತ ಮೊದ್ಲು ಲೆಕ್ಕ ಹೇಳ್ತೀನಿ, ಯಾಕಂದ್ರ ಇಷ್ಟು ಚಂದ ಕೂಡೋ ಲೆಕ್ಕ ಕ್ಲಾಸಿನ್ಯಾಗೂ ಸಿಗೂದಿಲ್ಲ ನನಗ. ಸಪ್ಪಳ ಸೆಕೆಂಡಿಗೆ ಸುಮಾರು 1130 ಫೂಟ್ ಓಡ್ತದ. 40 ಹರ್ಟ್ಝ್ ಅಂದ್ರ ಸೆಕೆಂಡಿಗೆ 40 ಅಲೆ, ಒಂದೊಂದು ಅಲೆ 28 ಫೂಟ್ ಉದ್ದ ಆಯ್ತು. ಅದರ ಅರ್ಧ 14. ನಿಮ್ಮ ಖೋಲಿ ಉದ್ದ ಎಷ್ಟಂದ್ರಿ? ಅರ್ಧ ಅಲೆ ನಿಮ್ಮ ಎರಡು ಗ್ವಾಡಿ ನಡುವ ಅಳತಿ ಹಿಡದು ಕೂತಂಗ ಕೂತದ. ಹೋಗಿ ಗ್ವಾಡಿಗೆ ಬಡದು ತಿರುಗಿ ಬರೋದ್ರಾಗ ಹಿಂದಿನ ಅಲೆ ಅದಕ್ಕ ಬಂದು ಕೂಡ್ತದ, ಮತ್ತ ಬಡೀತದ, ಮತ್ತ ಕೂಡ್ತದ. ಗ್ವಾಡಿ ಹತ್ರ ಎರಡರ ಒತ್ತಡನೂ ಕೂಡಿ ಉಬ್ಬತದ. ನಟ್ಟನಡುವ ಒಂದರ ಒತ್ತಡ ಇನ್ನೊಂದು ತಿಂದು ಸೊನ್ನೆ.

ನೀವು ಟೇಪ್ ಹಿಡದು ಅಳದು ಆ ಸೊನ್ನೆ ಮ್ಯಾಲೆ ಖುರ್ಚಿ ಹಾಕೀರಿ. ಅಪ್ಪಾರು ಉಬ್ಬಿನ ಮ್ಯಾಲೆ ಕೂತಾರ. ಇಬ್ಬರ ಕಿವಿನೂ ಸುದ್ದ ಅವ.

ಉಳಿದದ್ದು ನೀವಽ ಹಾಕ್ರಿ, 565 ನ್ನು ಫೂಟಿನಿಂದ ಭಾಗಿಸಿದ್ರ ಆಯ್ತು. ಉದ್ದ 14ಕ್ಕ 40, ಅಗಲ 11ಕ್ಕ 51, ಎತ್ತರ 10ಕ್ಕ 56. ಅಗಲದಾಗೂ ನೀವು ನಡುವಽ ಇದ್ದೀರಿ, ಹಂಗಾಗಿ 51ನೂ ನಿಮ್ಮ ಪಾಲಿಗಿಲ್ಲ. ಇನ್ನ ಉದ್ದದ ಎರಡರಷ್ಟು ಅಂದ್ರ 80ರ ಹತ್ರ, ಅದಕ್ಕ ಮಾತ್ರ ನಡುವ ಒತ್ತಡ ಹೆಚ್ಚು. ಧಡ್ ಅಂತ ಹೊಡಿತಾವು ಅಂದ್ರಲ್ಲ, ಅವು ಆ ಸ್ವರ.

ರಾಣೆಬೆನ್ನೂರ_ಗ್ರಾಫ್
ಸರ್ 1130 ಅನ್ನೋದು ಸುಮಾರು 20 ಡಿಗ್ರಿಗೆ ಅಲ್ಲೇನ್ರಿ, ನಮ್ಮ ಕಡೆ ಏಪ್ರಿಲ್-ಮೇದಾಗ 40 ಇರ್ತೈತಿ.

ಸಪ್ತಾಪುರ_ಫಿಸಿಕ್ಸ್
ಹೌದು, ಬಿಸಿಲಿಗೆ ಸಪ್ಪಳನೂ ಜೋರು ಓಡ್ತದ. 40 ಇದ್ದದ್ದು 41ರ ಮ್ಯಾಲೆ ಹೋಗಬಹುದು. ಅಷ್ಟಕ್ಕ ಎಸಿ ಹಾಕಸಬ್ಯಾಡ್ರಿ.

ಕೇಶ್ವಾಪುರ_ಕಿವಿ
ಅಪ್ಪಾರು ವಾಕಿಂಗ್ ಹೋಗಿದ್ರು, ಕುಂತೆ. ಯಪ್ಪಾ!! ನಾ ದಿನಾ ಹಾಕೋ ಮಟ್ಟದಾಗಽ ಹಾಕಿ ಕುಂತ್ರ ಎರಡ ನಿಮಿಷಕ್ಕ ಎದ್ದೆ. ಕಿವಿಯೊಳಗ ಯಾರೋ ಹೆಬ್ಬಟ್ಟಿಟ್ಟು ಒತ್ತಿದಂಗ ಆತು. ಮೂರು ತಿಂಗಳು ಅವ್ರು ಹೆಂಗ ಸಹಿಸ್ಕೊಂಡ್ರೋ ಏನೋ, ನಾಚಿಕಿ ಆತ್ರಿ ನಂಗ.

ಬೆಟಗೇರಿ_ವೈಂಡರ್
ಈಗ ಇನ್ನೊಂದು ಮಾಡ್ರಿ. ಮೊಬೈಲ್‌ನ್ಯಾಗ ಟೋನ್ ಜನರೇಟರ್ ಅಂತ ಆ್ಯಪ್ ಸಿಗ್ತಾವು, 40 ಇಟ್ಟು ಸಣ್ಣಗ ಹಾಕ್ರಿ. ಸಣ್ಣಗ ಅಂದೆ, ಬರೀ ಟೋನ್ ಜೋರಾಗಿ ತಾಸಗಟ್ಟಲೆ ಹಾಕಿದ್ರ ಕಾಯಿಲ್ ಕಾಯ್ತೈತಿ, ಆಮ್ಯಾಲೆ ನನ್ನ ಕಡೆನಽ ಬರ್ತೀರಿ. ಹಾಕಿ, ಮುಂದಿನ ಗ್ವಾಡಿಯಿಂದ ಹಿಂದಿನ ಗ್ವಾಡಿಗೆ ಸಾವಕಾಶ ನಡೀರಿ.

ಕೇಶ್ವಾಪುರ_ಕಿವಿ
ಇದು ಮಾಟ ಐತ್ರಿ!! ಟಿವಿ ಹತ್ರ ನಿಂತ್ರ ಹೂಂ ಅಂತ ಐತಿ, ಒಂದೊಂದ ಹೆಜ್ಜಿ ಹಿಂದ ಬಂದಂಗ ಇಳೀತೈತಿ, ನನ್ನ ಖುರ್ಚಿ ಹತ್ರ ಬಂದ್ರ ಸಬ್ ಬಂದ್ ಆತೇನೋ ಅಂತ ತಿರುಗಿ ಲೈಟ್ ನೋಡಿದೆ, ಚಾಲೂ ಐತಿ. ಮತ್ತ ಎರಡ ಹೆಜ್ಜಿ ಹಿಂದ ಹೋದ್ರ ಏರ್ತೈತಿ. ಖುರ್ಚಿ ಮ್ಯಾಲೆ ಕುಂತು ಬರೇ ತಲಿ ಮುಂದ ಹಿಂದ ಮಾಡಿದ್ರೂ ಗೊತ್ತಾಗ್ತೈತಿ. ಅವ್ವನ ಕರದು ತೋರ್ಸಿದೆ, "ಅಲ್ಲೇನೋ ಇದಕ್ಕ ರೊಕ್ಕಾ ಕೊಟ್ಟೇನು" ಅಂದ್ಲು.

ಹಾವೇರಿ_ಹೆಡ್‌ಫೋನ್
ಅವ್ವಾರ ಮಾತಿಗೆ ಒಂದು ಲೈಕ್.

ಮಾಳಮಡ್ಡಿ_ಡಗ್ಗಾ
ನನಗ ಹರ್ಟ್ಝ್ ಗಿರ್ಟ್ಝ್ ತಿಳಿಯೂದಿಲ್ಲ, ಆದ್ರ ಈ ರೋಗ ಗೊತ್ತದ. ತಬಲಾ ಸೋಲೋ ಕೇಳ್ರಿ. ಡಗ್ಗಾ ಮ್ಯಾಲೆ ಮುಂಗೈ ಒತ್ತಿ ಎಳದಾಗ ಸಪ್ಪಳ ಕೆಳಗಿಂದ ಮ್ಯಾಲೆ ಜಾರತದಲ್ಲ, ಘಿಸ್ಸಾ ಅಂತೀವಿ ಅದಕ್ಕ. ಕೈ ಬಲ್ಲವ್ರು ನುಡಿಸಿದ್ರ ಅದು ಎಣ್ಣಿ ಸುರಿದಂಗ ಒಂದಽ ಸಮ ಹೋಗಬೇಕು. ನಮ್ಮನ್ಯಾಗ ಹಾಕಿದ್ರ ನಡುವ ಒಂದು ಕಡೆ ಗುಮ್ ಅಂತ ಉಬ್ಬತದ, ಅಲ್ಲೇ ಪಕ್ಕದಾಗ ಕಾಲ ಜಾರಿ ಗುಂಡಿಗೆ ಬಿದ್ದಂಗ ಇಲ್ಲಽ ಇಲ್ಲ. ನುಡಿಸಿದವರಿಗೆ ಕೈ ಇಲ್ಲೇನು ಅಂತ ಎಷ್ಟೋ ದಿವಸ ತಿಳ್ಕೊಂಡಿದ್ದೆ. ಆಮ್ಯಾಲೆ ಅದಽ ರೆಕಾರ್ಡಿಂಗ್ ತಮ್ಮನ ಮನ್ಯಾಗ ಕೇಳಿದ್ರ ಉಬ್ಬು ಬ್ಯಾರೆ ಕಡೆ, ಗುಂಡಿ ಬ್ಯಾರೆ ಕಡೆ!

ಇನ್ನೊಂದು ಮಾತು. ಹಳೇ ಮನಿ ಮಂಗಳೂರ ಹಂಚಿಂದು ಇತ್ತು ನಮ್ಮದು, ಗ್ವಾಡಿ ಮಣ್ಣಿಂದು. ಅಲ್ಲಿ ಈ ತ್ರಾಸ ಇದ್ದಿಲ್ಲ. ಕೆಡವಿ ಆರ್‌ಸಿಸಿ ಕಟ್ಟಿಸಿದ ಮ್ಯಾಲೆ ಬಂದದ್ದು.

ರಾಣೆಬೆನ್ನೂರ_ಗ್ರಾಫ್
ಭಾಳ ಚೊಲೋ ಹೇಳಿದ್ರಿ ಸರ್, ಇದಕ್ಕಿಂತ ಸರಳ ಟೆಸ್ಟ್ ಇಲ್ಲ.

ಮಾಳಮಡ್ಡಿ_ಡಗ್ಗಾ
ಸರ್ ಅಲ್ಲ, ಅಕ್ಕ.

ರಾಣೆಬೆನ್ನೂರ_ಗ್ರಾಫ್
ಅಯ್ಯ ತಪ್ಪಾತ್ರಿ ಅಕ್ಕಾರ 🙏

ಸಪ್ತಾಪುರ_ಫಿಸಿಕ್ಸ್
ಅಕ್ಕಾರು ಹಂಚಿನ ಮನಿ ಮಾತು ತೆಗೆದದ್ದು ಛಲೋ ಆಯ್ತು. ಹಂಚಿನ ಸಂದ್ಯಾಗ ಬೇಸ್ ಹೊರಗ ಹೋಗ್ಬಿಡ್ತದ, ತಿರುಗಿ ಬರೂದಿಲ್ಲ. ಬೇಸ್ ಕಡಿಮಿ ಅನಸ್ತದ, ಆದ್ರ ಸಮ ಇರ್ತದ. ಕಾಂಕ್ರೀಟು ಇಟ್ಟಂಗಿ ಹಂಗಲ್ಲ, ಕೊಟ್ಟದ್ದೆಲ್ಲಾ ತಿರುಗಿ ಕೊಡ್ತಾವ, ಒಳಗಽ ಸುತ್ತಿಸ್ತಾವ. ನೆರಮನಿಯವ್ರಿಗೆ ಮಾತ್ರ ಹಂಚಿನ ಮನಿ ತ್ರಾಸು.

ಬ್ಯಾಡಗಿ_ಘಾಟು
ನಮ್ಮ ಹಳೇ ಮನಿ ಖೋಲ್ಯಾಗ ಸೀಜನ್ನಿಗೆ ಮೆಣಸಿನಕಾಯಿ ಚೀಲ ಸ್ಲ್ಯಾಬಿನ ಮಟ ಒಟ್ಟಿರ್ತಿದ್ವಿ. ಅಲ್ಲೇ ಒಂದು ಹಳೇ ಡೆಕ್ಕು, ಎರಡು ದೊಡ್ಡ ಬಾಕ್ಸು. ಖರೇ ಹೇಳ್ತೀನಿ ಅಷ್ಟು ಚೊಲೋ ಸೌಂಡ್ ಮತ್ತೆಲ್ಲೂ ಕೇಳಿಲ್ಲ. ಒಂದಽ ತ್ರಾಸು, ಒಂದು ಹಾಡಿಗೆ ನಾಕು ಸೀನು.

ಗೋಕುಲರೋಡ್_ಫೋಮ್
ಅದು ಚೀಲ ಸಪ್ಪಳ ಹೀರ್ಕೊಂಡಿದ್ದಕ್ಕ. ನಾನೂ ಗ್ವಾಡಿ ತುಂಬ 1 ಇಂಚಿನ ಕರೇ ಫೋಮ್ ಹಚ್ಚೀನಿ, ಸ್ಟುಡಿಯೋ ಕಂಡಂಗ ಕಾಣ್ತೈತಿ. ಕೇಶ್ವಾಪುರದಣ್ಣ ನೀವೂ ಅದನ್ನಽ ಮಾಡ್ರಿ, ಆನ್‌ಲೈನ್ ಸಸ್ತಾ ಸಿಗ್ತಾವು.

ಬೆಟಗೇರಿ_ವೈಂಡರ್
ಕಾಣ್ತೈತಿ, ಕೇಳಂಗಿಲ್ಲ. 28 ಫೂಟಿನ ಅಲೆಗೆ 1 ಇಂಚಿನ ಫೋಮ್ ಅಂದ್ರ ಆನಿಗೆ ಸೊಳ್ಳೆ ಪರದೆ.

ಗೋಕುಲರೋಡ್_ಫೋಮ್
ನನಗ ಫರಕ್ ಬಂದೈತ್ರೀ ಮತ್ತ, ಸುಮ್ನ ಹೇಳ್ತೀನೇನು?

ಸಪ್ತಾಪುರ_ಫಿಸಿಕ್ಸ್
ಬಂದಿರ್ತದ. ಚಪ್ಪಾಳಿ ಹೊಡದ್ರ ಬರೋ ಪ್ರತಿಧ್ವನಿ, ಸ-ಶ ಅನ್ನೋ ಹರಿತ, ಮಾತು ಇವೆಲ್ಲಾ ಸುಧಾರಿಸಿರ್ತಾವ. ಬೇಸ್ ಅಲ್ಲ. ಫೋಮು, ರಾಕ್‌ವೂಲು (ಕಲ್ಲಿನ ಎಳಿಯ ಹಾಸು) ಇಂಥವು ಕೆಲಸ ಮಾಡೂದು ಗಾಳಿ ಎಲ್ಲಿ ಓಡಾಡ್ತದೋ ಅಲ್ಲಿ, ಗ್ವಾಡಿಗೆ ಹತ್ತಿ ಗಾಳಿ ಅಲುಗೂದಽ ಇಲ್ಲ, ಬರೇ ಒತ್ತಡ. ಗಾಳಿ ಹೆಚ್ಚು ಓಡೂದು ಗ್ವಾಡಿಯಿಂದ ಅಲೆಯ ಕಾಲುಭಾಗ ದೂರದಾಗ. 40ಕ್ಕ ಅದು 7 ಫೂಟ್. ನಿಮ್ಮ ಖೋಲಿ ನಡುವ ಬಂತು ನೋಡ್ರಿ ಮತ್ತ, ಅಲ್ಲಿ ರಾಕ್‌ವೂಲ್ ಗ್ವಾಡಿ ಕಟ್ಟಲಿಕ್ಕೆ ಆಗ್ತದೇನು? ಮೂಲ್ಯಾಗ 4 ಇಂಚು 6 ಇಂಚು ದಪ್ಪ ಅಡ್ಡ ನಿಲ್ಲಿಸಿದ್ರ 100ರ ಆಸುಪಾಸು ಉಪಯೋಗ ಆಗ್ತದ, 40ಕ್ಕ ಬಹಳ ಆಸೆ ಇಟ್ಕೋಬ್ಯಾಡ್ರಿ.

ಗದಗ_ಜೋಳ
ಹತ್ತಿ ಗಾದಿ ಸುತ್ತಿ ಮೂಲ್ಯಾಗ ನಿಲ್ಲಿಸಿದ್ರ? ನಮ್ಮ ಕಡೆ ಗಾದಿಗೆ ಬರ ಇಲ್ಲ.

ಬೆಟಗೇರಿ_ವೈಂಡರ್
ನಿಲ್ಲಿಸ್ರಿ, ಖರ್ಚಿಲ್ಲ. ಬೀಗ್ರು ಬಂದಾಗ ಹಾಸಾಕೂ ಆತು.

ದೊಡ್ಡ_ವೂಫರ್
ಎಲ್ಲಾರೂ ಲೆಕ್ಕಾ ಹೇಳಾಕತ್ತೀರಿ. 15 ಇಂಚಿಂದು 500 ವ್ಯಾಟ್ ತಂದು, ಇಕ್ವಲೈಜರ್‌ನ್ಯಾಗ (ಒಂದೊಂದು ಸ್ವರ ಬ್ಯಾರೆ ಬ್ಯಾರೆ ಏರಿಸಿ ಇಳಿಸೋದು, ಇಕ್ಯೂ ಅಂತಾರಲ್ಲ) 40 ಏರಿಸಿದ್ರ ಮುಗೀತು. ಕಡಿಮಿ ಇದ್ದಲ್ಲಿ ಸುರೀಬೇಕು ಅಷ್ಟಽ.

ರಾಣೆಬೆನ್ನೂರ_ಗ್ರಾಫ್
ಅಣ್ಣಾ ಅಲ್ಲೇ ತಪ್ಪು. ಸೊನ್ನೆಯೊಳಗ ನೀವು ಎಷ್ಟು ಹಾಕ್ತೀರಿ ಅಷ್ಟಽ ಗ್ವಾಡಿಯಿಂದ ತಿರುಗಿ ಬಂದು ಅದನ್ನ ಅಳಿಸ್ತೈತಿ. ಹತ್ತು ಹಾಕಿದ್ರ ಹತ್ತು ಅಳಿಸ್ತೈತಿ, ನೂರು ಹಾಕಿದ್ರ ನೂರು. ಮ್ಯಾಲೆ ಲೆಕ್ಕಾ ನೋಡ್ರಿ, ಸಪ್ಪಳದ ಜೋರು ಅಳಿಯೂದು ಡೆಸಿಬೆಲ್, ಡಿಬಿಯೊಳಗ, 3 ಡಿಬಿ ಏರಿಸಾಕ ಎರಡ ಪಟ್ಟು ವ್ಯಾಟು, 10 ಡಿಬಿಗೆ ಹತ್ತ ಪಟ್ಟು. 200 ವ್ಯಾಟಿನ ಸಬ್‌ಗೆ 10 ಡಿಬಿ ಬೂಸ್ಟ್ ಕೊಟ್ರ ಅದು 2000 ಕೇಳ್ತೈತಿ. ಆ ಎಲ್ಲಾ ವ್ಯಾಟೂ ಹೋಗಿ ಬಡಿಯೂದು ಅವ್ರಪ್ಪಾರ ಎದಿಗೆ. ಉಬ್ಬು ಇದ್ದಲ್ಲಿ ಕಡಿಮಿ ಮಾಡಬಹುದು, ಗುಂಡಿ ಇದ್ದಲ್ಲಿ ತುಂಬಬಾರದು.

ದೊಡ್ಡ_ವೂಫರ್
ಹಂಗಾರ ಇಕ್ವಲೈಜರ್ ಮಾಡಿದ್ದಾದ್ರೂ ಯಾಕ?

ರಾಣೆಬೆನ್ನೂರ_ಗ್ರಾಫ್
ಉಬ್ಬು ತೆಗಿಯಾಕ. ಕೇಶ್ವಾಪುರದವ್ರು ಮೊದ್ಲು ಅಳೀರಿ. ರೂಮ್ ಇಕ್ಯೂ ವಿಝಾರ್ಡ್ ಅಂತ ಸಾಫ್ಟ್‌ವೇರ್, ಪುಕ್ಕಟ ಐತಿ. ಯುಮಿಕ್-1 ಅಂತ ಯುಎಸ್‌ಬಿ ಮೈಕ್ ಬರ್ತೈತಿ, ಒಂದೊಂದು ಮೈಕಿಗೂ ಅದರದಽ ಕ್ಯಾಲಿಬ್ರೇಶನ್ ಫೈಲ್ ಇರ್ತೈತಿ, ಸೀರಿಯಲ್ ನಂಬರ್ ಹಾಕಿ ಇಳಿಸ್ಕೋಬೇಕು. ಮೊಬೈಲ್ ಮೈಕ್ ನಂಬಬ್ಯಾಡ್ರಿ, ಭಾಳ ಫೋನ್ ಮಾತು ಸ್ವಚ್ಛ ಕೇಳ್ಲಿ ಅಂತ ಕೆಳಗಿಂದು ಕತ್ತರಿಸಿ ಒಗಿತಾವು. ಮೈಕ್ ನನ್ನ ಕಡೆ ಒಂದು ಐತಿ, ಈ ಐತವಾರ ಬೆಂಗಳೂರಿಂದ ಊರಿಗೆ ಬರಾಕತ್ತೀನಿ, ಹುಬ್ಬಳ್ಳ್ಯಾಗ ಇಳದು ಕೊಟ್ಟು ಹೋಗ್ತೀನಿ.

ಕೇಶ್ವಾಪುರ_ಕಿವಿ
ಬರ್ರಿ ಬರ್ರಿ, ಊಟಕ್ಕ ಬರ್ರಿ. ಅಲ್ಲೀ ಮಟ ನಾ ಏನ್ ಮಾಡ್ಲಿ?

ಬೆಟಗೇರಿ_ವೈಂಡರ್
ಸಬ್ ಎತ್ತಿ ನಿಮ್ಮ ಖುರ್ಚಿ ಮ್ಯಾಲೆ ಇಡ್ರಿ. ನಗಬ್ಯಾಡ್ರಿ, ಖರೇ ಹೇಳಾಕತ್ತೀನಿ. ನೀವು ಕೂಡೋ ಜಾಗಾದಾಗ ಸಬ್, ನೀವು ನೆಲದ ಮ್ಯಾಲೆ ಅಂಬೆಗಾಲು. ಬೇಸ್ ಇರೋ ಒಂದು ಹಾಡು ಹಾಕಿ ಗ್ವಾಡಿಗುಂಟ ಹರದಾಡ್ರಿ, ಕಿವಿ ಸಬ್ ಇರೋ ಎತ್ತರಕ್ಕ ಇರಬೇಕು. ಎಲ್ಲಿ ಎಲ್ಲಾ ಸ್ವರ ಸಮ ಕೇಳ್ತಾವೋ ಅಲ್ಲಿ ಸಬ್ ಇಡ್ರಿ. ಜೋರು ಕೇಳೋ ಜಾಗಾ ಅಲ್ಲ ಮತ್ತ, ಸಮ ಕೇಳೋ ಜಾಗಾ. ಮಂದಿ ಅಲ್ಲೇ ತಪ್ಪತಾರ, ಜೋರು ಇದ್ದಲ್ಲಿ ಇಡ್ತಾರ, ಅದು ಯಾವಾಗಲೂ ಮೂಲಿ.

ಆದ್ರ ಖುರ್ಚಿ ಈಗಿದ್ದಲ್ಲೇ ಇಟ್ಟು ಮಾಡಬ್ಯಾಡ್ರಿ. ಮೊದ್ಲು ಅದನ್ನ ಎರಡು ಫೂಟ್ ಹಿಂದ ತಗೋರಿ.

ಕೇಶ್ವಾಪುರ_ಕಿವಿ
ಮಾಡಿದೆ. ಕಥಿ ಕೇಳ್ರಿ. ಖುರ್ಚಿ ಎರಡು ಫೂಟ್ ಹಿಂದ ತಂದೆ, ಅದರ ಮ್ಯಾಲೆ ಸಬ್ ಏರಿಸಾಕ ಬಾಜೂಮನಿ ಹುಡುಗನ್ನ ಕರದೆ, 20 ಕಿಲೋ ಮ್ಯಾಲೈತಿ ಅದು. ಹಾಡು ಹಾಕಿ ಮೊಣಕಾಲೂರಿ ಟಿವಿ ಗ್ವಾಡಿಗುಂಟ ಹೊಂಟೀನಿ, ಅವ್ವ ಬಂದ್ಲು. "ಏನ್ ಕಳದೈತೋ?" ಅಂದ್ಲು. ಹಾಡಿನ ಸಪ್ಪಳಕ್ಕ ನಾ ಹೇಳಿದ್ದು ಕೇಳ್ಲಿಲ್ಲ ಆಕಿಗೆ. ಹ್ವಾದ ವಾರ ಆಕಿ ಕಿವಿ ಬೆಂಡವಾಲಿ ತಿರುಪು ಕಳದಿತ್ತು, ನಾ ಅದನ್ನ ಹುಡುಕಾಕತ್ತೀನಿ ಅಂತ ತಿಳದು ಸೆರಗು ಸಿಗಿಸ್ಕೊಂಡು ಆಕಿನೂ ಕುಂತ್ಲು. ಹತ್ತ ನಿಮಿಷ ಇಬ್ರೂ ಹರದಾಡೀವಿ. ತಿರುಪು ಸಿಕ್ತು, ತಿಜೂರಿ ಕೆಳಗ.

ಸಬ್ ಜಾಗಾನೂ ಸಿಕ್ತು. ಟಿವಿ ಕೆಳಗ ಗ್ವಾಡಿ ನಡುವ, ಮೂಲಿಗಿಂತ ಎಷ್ಟೋ ಸಮ.

ಬ್ಯಾಡಗಿ_ಘಾಟು
ಸಬ್‌ಗಿಂತ ತಿರುಪು ತುಟ್ಟಿ ಈಗ, ಲಾಭ ಆತು.

ಸಪ್ತಾಪುರ_ಫಿಸಿಕ್ಸ್
ಗ್ವಾಡಿ ನಡುವ ಯಾಕ ಸಮ ಬಂತು ಹೇಳ್ತೀನಿ. ಅಗಲದ ಅಲೆ ಇತ್ತಲ್ಲ 51, ಅದಕ್ಕ ಅಗಲದ ನಡುವ ಸೊನ್ನೆ. ಸೊನ್ನೆ ಇದ್ದಲ್ಲಿ ಸಬ್ ಇಟ್ರ ಆ ಅಲೆ ಏಳೂದಽ ಇಲ್ಲ. ಜೋಕಾಲಿ ಹಗ್ಗ ಕಟ್ಟಿದ ಕೊಂಬಿಗೆ ಹತ್ತಿ ಹಿಡದು ದೂಡಿದ್ರ ಜೋಕಾಲಿ ತೂಗ್ತದೇನು? ಮೂಲ್ಯಾಗ ಇಟ್ರ ಉದ್ದ, ಅಗಲ, ಎತ್ತರ ಮೂರೂ ಅಲೆ ಏಳ್ತಾವ, ಅದಕ್ಕಽ ಅಲ್ಲಿ ಜೋರು.

ಗದಗ_ಜೋಳ
ನಡುವ ಒಂದು ಪ್ರಶ್ನಿ, ಬೈಬ್ಯಾಡ್ರಿ. ನನ್ನ ಸಬ್ ಹಾಡು ಬಂದ್ ಇದ್ರೂ ಹೂಂ ಅಂತ ಗುಂಯ್‌ಗುಡ್ತೈತಿ. ಇದೂ ಖೋಲಿ ತ್ರಾಸೇನು?

ದೊಡ್ಡ_ವೂಫರ್
ಅದು ಅರ್ಥಿಂಗ್ ಲೂಪ್. ಪ್ಲಗ್ಗಿನ ದೊಡ್ಡ ಪಿನ್ ಕಿತ್ತಿ ಹಾಕ್ರಿ, ಬಂದ್ ಆಗ್ತೈತಿ.

ಬೆಟಗೇರಿ_ವೈಂಡರ್
ಯಾರೂ ಅದನ್ನ ಮಾಡಬ್ಯಾಡ್ರಿ!! ಆ ಪಿನ್ ಜೀವಾ ಉಳಸಾಕ ಇರೂದು. ಒಳಗ ಏನರೆ ಶಾರ್ಟ್ ಆಗಿ ಬಾಡಿಗೆ ಕರೆಂಟ್ ಬಂದ್ರ ಮುಟ್ಟಿದಾಂವ ಹೋಗ್ತಾನ. ವೂಫರಣ್ಣ, ಇಂಥಾ ಸಲಹಾ ಹಗರ್ಕ ಕೊಡಬ್ಯಾಡ್ರಿ.
ಜೋಳದವ್ರೆ, 50 ಹರ್ಟ್ಝಿನ ಗುಂಯ್ ಅದು, ಕರೆಂಟಿಂದು. ಸೆಟ್‌ಟಾಪ್ ಬಾಕ್ಸಿನ ಡಿಶ್ ಕೇಬಲ್ ತಗದು ನೋಡ್ರಿ ಮೊದ್ಲು, ಭಾಳ ಸಲ ಅಲ್ಲಿಂದ ಬರ್ತೈತಿ. ಆಮ್ಯಾಲೆ ಆಂಪ್ಲಿಫೈಯರ್ರು ಸಬ್ಬು ಎರಡೂ ಒಂದಽ ಬೋರ್ಡಿಗೆ ಹಚ್ಚಿ ನೋಡ್ರಿ.

ಗದಗ_ಜೋಳ
ಡಿಶ್ ಕೇಬಲ್ ತಗದೆ, ಬಂದ್ ಆತು 🙏 ಈಗ ಟಿವಿ ಇಲ್ಲ ಅಂತ ಮನ್ಯಾಗ ಬೈಯಾಕತ್ತಾರ.

ರಾಣೆಬೆನ್ನೂರ_ಗ್ರಾಫ್
ಕೇಶ್ವಾಪುರದವ್ರ ಮನಿಗೆ ಹೋಗಿ ಬಂದೆ. ಅವ್ವಾರ ಎಣಗಾಯಿ ಬಗ್ಗೆ ಬ್ಯಾರೆನಽ ಒಂದು ಚರ್ಚೆ ಇಡಬೇಕು. ಈಗ ಅಳತಿ.

ಹಳೇ ಜಾಗಾ ಮೊದ್ಲು ಅಳದ್ವಿ, ಸಬ್ ಮೂಲ್ಯಾಗ, ಖುರ್ಚಿ ನಡುವ. 80ಕ್ಕಿಂತ 40 ಹದಿನೇಳು ಡಿಬಿ ಕೆಳಗ! ಅದಽ ಹೊತ್ತಿಗೆ ಅಪ್ಪಾರ ಖುರ್ಚ್ಯಾಗ 40 ಹನ್ನೆರಡು ಡಿಬಿ ಮ್ಯಾಲೆ. ಇಬ್ಬರ ಜಗಳ 29 ಡಿಬಿದು. ಹೊಸಾ ಜಾಗಾದಾಗ, ಸಬ್ ಟಿವಿ ಕೆಳಗ, ಖುರ್ಚಿ ಎರಡು ಫೂಟ್ ಹಿಂದ, ಮಗನ ಕಡೆ ಗುಂಡಿ 7 ಡಿಬಿಗೆ ಬಂತು. ಅಪ್ಪಾರ ಕಡೆ ಉಬ್ಬು ಹಂಗಽ ಉಳದೈತಿ.

ನಡುವ ಇನ್ನೊಂದು ಕಳ್ಳ ಸಿಕ್ಕ. ಸ್ವೀಪ್, ಅಂದ್ರ ಕೆಳಗಿಂದ ಮ್ಯಾಲಿನ ಮಟ ಜಾರೋ ಟೋನ್, ಹಾಕಿದಾಗ 56ರ ಹತ್ರ ಝರ್ರ್ ಅಂತ ಸಪ್ಪಳ, ಸಬ್ ಹರದೈತೇನೋ ಅಂತ ಹೆದರಿದ್ವಿ. ತಿಜೂರಿ ಮ್ಯಾಲೆ ಇಟ್ಟ ಹಿತ್ತಾಳಿ ಸಮೆ. ಅದರ ಕೆಳಗ ಒಂದು ಮಡಚಿದ ಟಾವೆಲ್ ಹಾಕಿದ್ವಿ, ಹೋತು. ಮೂರು ತಿಂಗಳಿಂದ ಅಪ್ಪಾರು "ಹರದ ಸಪ್ಪಳ" ಅಂತಿದ್ದು ಇದಂತ.

ಸಬ್ ಹಿಂದಿನ ಕ್ರಾಸ್‌ಓವರ್ ಡಯಲ್ (ಇದರ ಮ್ಯಾಲಿನ ಸ್ವರ ಸಬ್‌ಗೆ ಬ್ಯಾಡ ಅಂತ ಕತ್ತರಿಸೋದು) 80ಕ್ಕ ಇತ್ತು, ಎಲ್ಲಾ ಸ್ಪೀಕರ್ ನಡಸೋ ರಿಸೀವರ್‌ನ್ಯಾಗೂ 80. ಒಂದಽ ಸಪ್ಪಳಕ್ಕ ಎರಡು ಸಲ ಕತ್ತರಿ. ಸಬ್‌ದು ಪೂರಾ ಮ್ಯಾಲೆ ತಿರುಗಿಸಿದ್ವಿ, ಕತ್ತರ್ಸೂದು ರಿಸೀವರ್ ಒಂದಽ ಮಾಡ್ಲಿ. ಆಮ್ಯಾಲೆ 80ರ ಟೋನ್ ಹಾಕಿ ಫೇಸ್ ಸ್ವಿಚ್ಚು (ಸಬ್ಬಿನ ಅಲೆ ಉಲ್ಟಾ ಮಾಡೋದು) 0, 180 ಎರಡೂ ನೋಡಿ ಖುರ್ಚ್ಯಾಗ ಯಾವುದಕ್ಕ ಜೋರೋ ಅದಕ್ಕ ಬಿಟ್ವಿ.

ಮಾಳಮಡ್ಡಿ_ಡಗ್ಗಾ
ಘಿಸ್ಸಾ ಹೆಂಗ ಕೇಳ್ತದ ಈಗ?

ಕೇಶ್ವಾಪುರ_ಕಿವಿ
ಅಕ್ಕಾರ, ಎಣ್ಣಿ ಅಲ್ಲದಿದ್ರೂ ತುಪ್ಪ ಅನ್ನಬಹುದು. ಒಂದು ಕಡೆ ಇನ್ನೂ ಸ್ವಲ್ಪ ಹೆಪ್ಪು.

ರಿಸೀವರ್‌ನ್ಯಾಗ ಇಕ್ಯೂ ಐತ್ರಿ, ಅಪ್ಪಾರ ಸಲುವಾಗಿ 40 ಕಡಿಮಿ ಮಾಡಿ ನೋಡಿದೆ. ಅಪ್ಪಾರು "ಈಗ ಮನಷಾರ ಕೇಳೋ ಹಂಗಾತು" ಅಂದ್ರು. ನನ್ನ ಕಡೆ ಮತ್ತ ಏನೂ ಉಳೀಲಿಲ್ಲ. ಇದು ಒಂದಽ ಹಾಸಿಗಿ ಇಬ್ರು ಎಳದಂಗ ಆತು.

ಬೆಟಗೇರಿ_ವೈಂಡರ್
ಅದಕ್ಕಽ ನಾ ಇಕ್ಯೂ ಆಮ್ಯಾಲೆ ಅನ್ನೂದು. ಒಬ್ಬಾವ ಕೇಳೂದಾದ್ರ ಇಕ್ಯೂ ಸಾಕು. ಇಬ್ಬರಿಗೆ ಎರಡು ಥರಾ ಇದ್ದಾಗ ಒಂದು ಪೆಟಗಿಯೊಳಗಿಂದ ಇಬ್ಬರಿಗೂ ಬ್ಯಾರೆ ಬ್ಯಾರೆ ಕೊಡಾಕ ಬರಂಗಿಲ್ಲ.

ರಾಣೆಬೆನ್ನೂರ_ಗ್ರಾಫ್
ಅದಕ್ಕ ಎರಡನೇ ಸಬ್. ಹರ್ಮನ್ ಅನ್ನೋ ಆಡಿಯೋ ಕಂಪನ್ಯಾಗಿನ ಟಾಡ್ ವೆಲ್ಟಿ ಅನ್ನಾವ್ರು 2002ರಾಗಽ ಎಷ್ಟು ಸಬ್, ಎಲ್ಲೆಲ್ಲಿ ಅಂತ ಲೆಕ್ಕಾ ಹಾಕಿ ತೋರ್ಸ್ಯಾರ. ನಾಕು ಗ್ವಾಡಿಗೆ ನಡುವ ಒಂದೊಂದರಂಗ ನಾಕು ಇಟ್ರ ಚೊಲೋ, ಎದುರುಬದುರು ಗ್ವಾಡಿ ನಡುವ ಬರೇ ಎರಡು ಇಟ್ರೂ ಅದರ ಸನೇಕ ಬರ್ತೈತಿ. ಸಬ್ ಹೆಚ್ಚು ಮಾಡೂದು ಜೋರು ಮಾಡಾಕಲ್ಲ, ಎಲ್ಲಾ ಖುರ್ಚಿಗೂ ಸಮ ಮಾಡಾಕ.

ದೊಡ್ಡ_ವೂಫರ್
ನಾ ಒಂದು ದೊಡ್ಡದು ಅಂದ್ರ ಬೈದ್ರಿ, ನೀವು ಎರಡು ಅನ್ನಾಕತ್ತೀರಿ 😂

ಬೆಟಗೇರಿ_ವೈಂಡರ್
ನನ್ನ ಅಂಗಡ್ಯಾಗ ಒಂದು 10 ಇಂಚಿಂದು ಕುಂತೈತಿ, ಯಾರೋ ರಿಪೇರಿಗೆ ಕೊಟ್ಟು ಎರಡು ವರ್ಷಾತು ಬಂದಿಲ್ಲ, ಫೋನ್ ಎತ್ತಂಗಿಲ್ಲ. ಕಾಯಿಲ್ ಹೊಸಾದು ಹಾಕೀನಿ. ಗದಗಕ್ಕ ಬಂದಾಗ ಒಯ್ದು ಹಚ್ಚಿ ನೋಡ್ರಿ, ಬೇಕನಿಸಿದ್ರ ಆಮ್ಯಾಲೆ ನಿಮ್ಮದು ತಗೋರಿ. ಅಂವ ಬಂದ್ರ ವಾಪಸ್ ಕೊಡಬೇಕು ಮತ್ತ.

ಕೇಶ್ವಾಪುರ_ಕಿವಿ
ಎಂಟು ದಿನ ಆತು ಬರದು, ಕ್ಷಮಿಸ್ರಿ. ಗದಗಿಂದ 10 ಇಂಚಿಂದು ತಂದೆ. ಇಡಬೇಕಾದ ಜಾಗಾ ಎಲ್ಲಿ? ಹಿಂದಿನ ಗ್ವಾಡಿ ನಡುವ. ಅಲ್ಲಿ ಏನೈತಿ? ಅಪ್ಪನ ಖುರ್ಚಿ. "ಒಂದು ಸಾಲ್ಲಿಲ್ಲಂತ ಎರಡನೇದ್ದು ನನ್ನ ಬಗಲಾಗ ತಂದೇನು?" ಅಂದ್ರು. ನಾ 40ರ ಅಲೆ, 28 ಫೂಟು ಅಂತ ಶುರು ಮಾಡಿದೆ. ಪೇಪರ್ ಎತ್ತಿ ಮಾರಿಗೆ ಹಿಡ್ಕೊಂಡ್ರು. ಅವ್ವನ ಕಡೆಯಿಂದ ಹೇಳ್ಸಿ ಖುರ್ಚಿ ಎರಡು ಫೂಟ್ ಬಲಕ್ಕ ಸರಿಸಿದೆ, ಸಬ್ ನಡುವ ಬಂತು.

ಗ್ರಾಫಣ್ಣ ಫೋನ್‌ನ್ಯಾಗ ಹೇಳಿದಂಗ ಎರಡೂ ಸಬ್ ಬ್ಯಾರೆ ಬ್ಯಾರೆ ಅಳದು ಮಟ್ಟ ಕೂಡ್ಸಿದೆ, 12ರದ್ದು ಸ್ವಲ್ಪ ಇಳಿಸಬೇಕಾತು, 10 ಅಷ್ಟು ದಮ್ ಇಲ್ಲ. ಆಮ್ಯಾಲೆ ಎರಡೂ ಕೂಡ್ಸಿ ಸ್ವೀಪ್. ಅಪ್ಪಾರ ಖುರ್ಚ್ಯಾಗ 40ರ ಉಬ್ಬು 12 ಇದ್ದದ್ದು 4ಕ್ಕ ಇಳೀತು. ನನ್ನ ಕಡೆ ಗುಂಡಿ 7 ಇದ್ದದ್ದು 3. ಎರಡು ಗ್ರಾಫ್ ಒಂದರ ಮ್ಯಾಲೊಂದು ಇಟ್ರ 30ರಿಂದ 70ರ ಮಟ ಅಣ್ಣತಮ್ಮ ಇದ್ದಂಗ ಅದಾವು. ಉಳಿದ ಉಬ್ಬು ಇಕ್ಯೂದಾಗ ಸಣ್ಣಗ ಕೆತ್ತಿದೆ, ಈ ಸಲ ಇಬ್ಬರಿಗೂ ನಡೀತು.

ಅಪ್ಪಾರು ಒಂದು ಖಯಾಲ್ ಪೂರಾ ಕೇಳಿದ್ರು, ವಿಲಂಬಿತದಿಂದ ಹಿಡದು. ಮುಗದ ಮ್ಯಾಲೆ ಬಾಜೂಕಿನ ಸಬ್ ಮ್ಯಾಲೆ ಕೈ ಇಟ್ಟು "ಇದನ್ನ ಇನ್ನೂ ಚಾಲೂ ಮಾಡಿಲ್ಲೇನೋ?" ಅಂದ್ರು.

ಮಾಳಮಡ್ಡಿ_ಡಗ್ಗಾ
ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕೇನು.

ಸಪ್ತಾಪುರ_ಫಿಸಿಕ್ಸ್
ಎರಡು ಕಡೆಯಿಂದ ಒಂದಽ ಹೊತ್ತಿಗೆ ದೂಡಿದಾಗ ಆ ಅರ್ಧ ಅಲೆಗೆ ಏಳ್ಲಿಕ್ಕೆ ಆಗೂದಿಲ್ಲ. ಈ ತುದಿ ಏರಿದಾಗ ಆ ತುದಿ ಇಳೀಬೇಕು ಅದಕ್ಕ, ನೀವು ಎರಡೂ ತುದಿ ಕೂಡೇ ಏರಿಸಾಕತ್ತೀರಿ. ಈ ಸಲ ಅಲೆ ಪಾಠಕ್ಕ ನಿಮ್ಮ ಖೋಲಿದಽ ಚಿತ್ರ ತಗೀತೀನಿ ಬೋರ್ಡ್ ಮ್ಯಾಲೆ, ಹೆಸರು ಹಾಕೂದಿಲ್ಲ.

ಹಾವೇರಿ_ಹೆಡ್‌ಫೋನ್
ಇಷ್ಟೆಲ್ಲಾ ಮಾಡೋದ್ರಾಗ ಎರಡು ಹೆಡ್‌ಫೋನ್ ಬರ್ತಿದ್ವು.

ಕೇಶ್ವಾಪುರ_ಕಿವಿ
ವೈಂಡರಣ್ಣ ಒಂದು ಮಾತು ಹೇಳಬೇಕು. ಆ 10 ಇಂಚಿಂದು ಈಗ ಅಪ್ಪಾರ ಚಾದ ಸ್ಟೂಲ್ ಆಗೈತಿ. ಮ್ಯಾಲೆ ಪೇಪರ್ರು, ಚಾಳೀಸು, ಚಾ ಕಪ್ಪು ಬಶಿ. ನಿನ್ನೆ ನಾ ಸಿನಿಮಾ ಹಾಕಿದಾಗ ಚಾದಾಗ ಉಂಗುರ ಏಳೂದು ನೋಡಿ "ಈಗ ಸ್ವಲ್ಪ ಇಳಿಸು" ಅಂದ್ರು. ಮೀಟರ್ ಸಿಕ್ಕಂಗಾತು ಅವ್ರಿಗೆ.

ಬೆಟಗೇರಿ_ವೈಂಡರ್
ಚಾ ಇಡಬ್ಯಾಡ್ರಿ ಅಂತ ಹೇಳ್ರಿ ಅವ್ರಿಗೆ!! ಹಿಂದ ಪ್ಲೇಟಿನ್ಯಾಗ ಆಂಪ್ಲಿಫೈಯರ್ ಐತಿ, ಅದರಾಗ ಇಳೀತಂದ್ರ ಮುಗೀತು. ನೀರರೆ ಇಡ್ರಿ ಅನ್ನಂಗೂ ಇಲ್ಲ. ಕಾರದಾನಿ ಡಬ್ಬಿ ಇಡ್ರಿ.

ಕೇಶ್ವಾಪುರ_ಕಿವಿ
ಹೇಳಿದೆ. "ಅದನ್ನ ತಂದಾಂವ ನೀನು, ಸ್ಟೂಲ್ ತಗದಾಂವನೂ ನೀನಽ" ಅಂದ್ರು. ಸ್ಟೂಲ್ ಹುಡುಕಾಕ ಹೊಂಟೀನಿ.

ಗದಗ_ಜೋಳ
ಅದಿರ್ಲಿ, ಡಿಶ್ ಕೇಬಲ್ಲಿಗೆ ಏನ್ ಹಾಕ್ಬೇಕ್ರಿ? ಧಾರಾವಾಹಿ ತಪ್ಪಿ ಮೂರು ದಿನಾತು, ಮನ್ಯಾಗ ಊಟ ಸಿಗವಲ್ದು.